ಮಳೆ ಮುಗಿದ ಮನೆಗೆ ಕ್ರೋಶಾ: ಯಾವ ನೂಲು, ಯಾವ ಬಣ್ಣ, ಎಲ್ಲಿ ಕಟ್ಟಬೇಕು

ನವರಾತ್ರಿ ಹತ್ತಿರ ಬಂತು ಅಂದರೆ ನನ್ನ ಬಳಿ ಕ್ರೋಶಾ ಕಲಿಯಲು ಬರುವವರು, ಆರ್ಡರ್ ಕೊಡುವವರು ಎಲ್ಲರೂ ಮೊಬೈಲಿನಲ್ಲಿ ಒಂದೇ ಥರದ ಫೋಟೋ ತೋರಿಸುತ್ತಾರೆ. ಮೇಪಲ್ ಎಲೆ, ಕಿತ್ತಳೆ ಬಣ್ಣದ ಕುಂಬಳಕಾಯಿ, ಸೋಫಾದ ಮೇಲೆ ದಪ್ಪ ಉಲ್ಲನ್ ಹೊದಿಕೆ. ಚೆಂದವೇ ಇದೆ. ಆದರೆ ಅದು ಚಳಿ ಶುರುವಾಗುವ ದೇಶದ ಅಲಂಕಾರ. ಕಾರವಾರದಲ್ಲಿ ಅಕ್ಟೋಬರ್ ಅಂದರೆ ಸೆಕೆ. ಘಟ್ಟ ಹತ್ತಿ ಶಿರಸಿಗೆ ಹೋದರೆ ಬೆಳಗ್ಗೆ ಇಬ್ಬನಿ, ಮಧ್ಯಾಹ್ನ ಚುರುಕು ಬಿಸಿಲು. ಜೂನ್‌ನಿಂದ ಮಳೆ ಕುಡಿದು ಕೂತ ಮನೆಗೆ ಈಗ ಬೇಕಿರುವುದು ಗಾಳಿ ಮತ್ತು ಬೆಳಕು. ಹಾಗಾಗಿ ದಪ್ಪ ಹೊದಿಕೆ ಬೇಡ. ಜಾಳುಜಾಳಾಗಿರುವ, ತೊಳೆದು ಬಿಸಿಲಿಗೆ ಹಾಕಲು ಬರುವಂಥದ್ದನ್ನೇ ಹೆಣೆಯಿರಿ.

ನೂಲಿನ ವಿಷಯ ಮೊದಲು, ಏಕೆಂದರೆ ದುಡ್ಡು ಹಾಳಾಗುವುದೇ ಅಲ್ಲಿ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಹೆಚ್ಚಾಗಿ ಅಕ್ರಿಲಿಕ್ ಅನ್ನುವ ಕೃತಕ ನೂಲು. ಅದು ನೀರು ಹೀರುವುದು ಕಡಿಮೆ, ಬೇಗ ಒಣಗುತ್ತದೆ, ಬಿಸಿಲಿಗೆ ಬಣ್ಣವೂ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಹತ್ತಿ ಹಾಗಲ್ಲ. ಗಾಳಿಯಲ್ಲಿ ತೇವ ಶೇ. 65 ಇದ್ದಾಗ ಹತ್ತಿ ತನ್ನ ಒಣ ತೂಕದ ಸುಮಾರು ಶೇ. 8.5ರಷ್ಟು ನೀರು ಹಿಡಿದುಕೊಳ್ಳುತ್ತದೆ, ಅಕ್ರಿಲಿಕ್ ಹಿಡಿಯುವುದು ಶೇ. 2ರ ಒಳಗೆ. ನಮ್ಮ ಕರಾವಳಿಯಲ್ಲಿ ತೇವ ಅದಕ್ಕಿಂತ ಎಷ್ಟೋ ಜಾಸ್ತಿ, ಅದಕ್ಕೇ ಮಳೆಗಾಲದಲ್ಲಿ ಹತ್ತಿಯ ತೋರಣ ಭಾರವಾಗಿ ಜೋತು ಬಿದ್ದು ಬೂಷ್ಟು ಹಿಡಿಯುವುದು. ಹಾಗಾದರೆ ಎಲ್ಲಕ್ಕೂ ಅಕ್ರಿಲಿಕ್ ಸಾಕಲ್ವಾ? ಸಾಲದು. ಜಗಲಿಗೆ, ಹೊರಬಾಗಿಲಿಗೆ ಅಕ್ರಿಲಿಕ್ ಸರಿ. ಊಟದ ಮೇಜಿಗೆ, ಬಿಸಿ ಪಾತ್ರೆ ಇಡುವ ಜಾಗಕ್ಕೆ ಹತ್ತಿಯೇ ಬೇಕು. ಅಕ್ರಿಲಿಕ್ ಬಿಸಿಗೆ ಮೆತ್ತಗಾಗಿ ಆಕಾರ ಕೆಡುತ್ತದೆ, ಒಮ್ಮೆ ಇಸ್ತ್ರಿಪೆಟ್ಟಿಗೆ ಒತ್ತಿದರೆ ಸೊರಗಿದ್ದು ಮತ್ತೆ ಮೇಲೇಳುವುದಿಲ್ಲ. ಬೆಂಕಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ ಅನ್ನುವುದು ನೆನಪಿರಲಿ. ದೀಪಾವಳಿಯಲ್ಲಿ ಹಣತೆ ಇಡುವ ಕಟ್ಟೆಯ ಮೇಲೆ, ಗೂಡಿನ ಪಕ್ಕ ಯಾವ ಹೆಣಿಗೆಯೂ ಬೇಡ, ದಯವಿಟ್ಟು.

ಬಣ್ಣಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ಗದ್ದೆ ಬಂಗಾರದ ಬಣ್ಣಕ್ಕೆ ತಿರುಗುವ ಹೊತ್ತು ಇದು. ತೋಟದಲ್ಲಿ ಹಣ್ಣಡಿಕೆಯ ಕೇಸರಿ, ಅಂಗಳದಲ್ಲಿ ಚೆಂಡು ಹೂವು, ಸೇವಂತಿಗೆ. ಆದರೆ ಗೋಡೆ ನೋಡಿ ಆರಿಸಿ. ಗಿಲಾವು ಮಾಡದ ಚಿರೆಕಲ್ಲಿನ ಗೋಡೆಯ ಮುಂದೆ ಇಟ್ಟಿಗೆ ಕೆಂಪು, ಕಂದು ಎರಡೂ ಕಾಣದೇ ಹೋಗುತ್ತವೆ. ಅಲ್ಲಿ ಸಾಸಿವೆ ಹಳದಿ, ಕೆನೆ ಬಣ್ಣ, ಗಾಢ ಹಸಿರು ಎದ್ದು ಕಾಣುತ್ತವೆ. ಸುಣ್ಣದ ಬಿಳಿ ಗೋಡೆ ಇದ್ದವರು ಕೆಂಪು, ಕೇಸರಿ ಧಾರಾಳವಾಗಿ ಬಳಸಬಹುದು. ಕೆಂಪು ನೂಲು ತಂದ ಕೂಡಲೇ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಿ. ಬಣ್ಣ ಬಿಟ್ಟರೆ ಅದನ್ನು ಬಿಳಿಯ ಜೊತೆ ಹೆಣೆಯಬೇಡಿ.

ಹೊಸಬರಿಗೆ ನಾನು ಕಲಿಸುವುದು ಚೆಂಡು ಹೂವಿನ ತೋರಣ. 3 ಮಿ.ಮೀ. ಕ್ರೋಶಾ ಕಡ್ಡಿ ತಗೊಳ್ಳಿ, 23 ಚೈನ್ (ಒಂದರೊಳಗೊಂದು ಎಳೆದ ಸರಪಳಿ ಕುಣಿಕೆ) ಹಾಕಿ, ಕಡ್ಡಿಯಿಂದ ನಾಲ್ಕನೇ ಚೈನಿನಿಂದ ಶುರು ಮಾಡಿ ಪ್ರತಿಯೊಂದರಲ್ಲೂ ಮೂರು ಡಬಲ್ ಕ್ರೋಶೆ (ಕಡ್ಡಿಗೆ ಮೊದಲೊಂದು ಸುತ್ತು ನೂಲು ಸುತ್ತಿ ಹಾಕುವ ಉದ್ದ ಹೊಲಿಗೆ) ಹಾಕುತ್ತಾ ಹೋಗಿ. ಇದು ಅಮೆರಿಕದ ಲೆಕ್ಕದ ಡಬಲ್, ಬ್ರಿಟಿಷ್ ಮಾದರಿಗಳಲ್ಲಿ ಇದನ್ನೇ ಟ್ರೆಬಲ್ ಅಂತ ಬರೆದಿರುತ್ತಾರೆ. ಒಂದೇ ಚೈನಿನಲ್ಲಿ ಮೂರು ಮೂರು ಸೇರಿದಾಗ ಜಾಗ ಸಾಲದೆ ಪಟ್ಟಿ ತಾನೇ ಸುರುಳಿಯಾಗುತ್ತದೆ. ಅದನ್ನು ಸುತ್ತಿ ಬುಡದಲ್ಲಿ ನಾಲ್ಕು ಹೊಲಿಗೆ ಹಾಕಿದರೆ ಹೂವು ತಯಾರು. ಇನ್ನೂ ದಟ್ಟ ಬೇಕೆಂದರೆ ಮೂರರ ಬದಲು ನಾಲ್ಕು. ನೂಲು ಎಷ್ಟು ಬೇಕು ಅಂತ ಎಲ್ಲರೂ ಕೇಳುತ್ತಾರೆ. ಒಂದು ಹೂವು ಮಾಡಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಬೇಕಾದ ಹೂವಿನ ಸಂಖ್ಯೆಯಿಂದ ಗುಣಿಸಿ, ಅದಕ್ಕಿಂತ ಸ್ವಲ್ಪ ಜಾಸ್ತಿ ಒಂದೇ ಸಲ ತನ್ನಿ, ಏಕೆಂದರೆ ಮತ್ತೆ ಹೋದಾಗ ಅದೇ ಹಳದಿ ಸಿಗುವ ಖಾತ್ರಿ ಇಲ್ಲ. ಹೂವುಗಳನ್ನು ಬರೀ ಚೈನಿನ ಸರಕ್ಕೆ ಕಟ್ಟಬೇಡಿ, ಭಾರಕ್ಕೆ ಅದು ಹಿಗ್ಗುತ್ತದೆ. ಒಳಗೆ ಗಟ್ಟಿ ದಾರ ಇರಲಿ.

ಎಲೆ, ಹಕ್ಕಿ, ಸಣ್ಣ ಬುಟ್ಟಿ ಇಂಥವು ನೆಟ್ಟಗೆ ನಿಲ್ಲಲು ಗಂಜಿ ಬೇಕು. ಅನ್ನ ಬಸಿದ ತೆಳಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸೋಸಿ, ಹೆಣಿಗೆಯನ್ನು ಅದ್ದಿ, ಹಿಂಡಿ, ಥರ್ಮಾಕೋಲಿನ ಮೇಲೆ ಆಕಾರಕ್ಕೆ ಎಳೆದು ಗುಂಡುಪಿನ್ ಚುಚ್ಚಿ ಒಣಗಿಸಿ. ಪಿನ್ ತುಕ್ಕು ಹಿಡಿಯದಂಥದ್ದಿರಲಿ. ಆದರೆ ಗಂಜಿ ಅಂದರೆ ಜಿರಳೆಗೆ, ಬೆಳ್ಳಿಹುಳಕ್ಕೆ ಊಟ, ಬೂಷ್ಟಿಗೂ ಊಟ. ಇಲ್ಲಿ ಅದು ಬಿಸಿಲಿನ ತಿಂಗಳುಗಳಿಗೆ ಮಾತ್ರ. ವರ್ಷವಿಡೀ ಇಡುವಂಥದ್ದಾದರೆ ಫೆವಿಕಾಲ್‌ಗೆ ಸಮ ನೀರು ಬೆರೆಸಿ ಹಚ್ಚಿ, ಒಣಗಿದ ಮೇಲೆ ಗಂಜಿಯ ಹಾಗೆ ಸುಲಭಕ್ಕೆ ತೊಳೆದು ಹೋಗುವುದಿಲ್ಲ ಅನ್ನುವುದು ಗೊತ್ತಿದ್ದು ಹಚ್ಚಿ.

ಸಮುದ್ರದ ಹತ್ತಿರದ ಮನೆಯವರಿಗೆ ಇನ್ನೊಂದು. ಉಪ್ಪುಗಾಳಿಗೆ ಕಬ್ಬಿಣದ ರಿಂಗು, ಮೊಳೆ ಬೇಗ ತುಕ್ಕು ಹಿಡಿದು ಬಿಳಿ ನೂಲಿಗೆ ಕಲೆ ಬೀಳುತ್ತದೆ. ಬಿದಿರು, ಬೆತ್ತ, ಹಿತ್ತಾಳೆ ಬಳಸಿ. ಬಿಳಿ ಹತ್ತಿಯಲ್ಲಿ ಕಲೆ ಬಿದ್ದೇಬಿಟ್ಟರೆ ನಿಂಬೆರಸಕ್ಕೆ ಉಪ್ಪು ಸೇರಿಸಿ ತಿಕ್ಕಿ, ಬಿಸಿಲಿಗಿಟ್ಟು ತೊಳೆಯಿರಿ.

ಕೈ ಪಳಗಿದವರಿಗೆ ನನ್ನ ಆಸೆಯ ಕೆಲಸ ಒಂದಿದೆ. ಅಂಕೋಲಾದ ಲಕ್ಷ್ಮೀನಾರಾಯಣ ಮಹಾಮಾಯಾ ದೇವಸ್ಥಾನದ ಗೋಡೆಯ ಕಾವಿ ಚಿತ್ರ ನೋಡಿದ್ದೀರಲ್ಲ, ಬಿಳಿ ಸುಣ್ಣದಲ್ಲಿ ಕಾವಿ ಕೆಂಪು. ಆ ಅಂಚಿನಂಥ ವಿನ್ಯಾಸಗಳನ್ನು ಫಿಲೆ ಕ್ರೋಶಾದಲ್ಲಿ, ಅಂದರೆ ಖಾಲಿ ಮತ್ತು ತುಂಬಿದ ಚೌಕಗಳ ಜಾಲರಿ ಹೆಣಿಗೆಯಲ್ಲಿ, ತರಬಹುದು. ಗ್ರಾಫ್ ಹಾಳೆಯ ಮೇಲೆ ಚೌಕ ತುಂಬಿಸಿ ಬರೆದುಕೊಳ್ಳಿ. ಖಾಲಿ ಚೌಕಕ್ಕೆ ಒಂದು ಡಬಲ್ ಕ್ರೋಶೆ, ಎರಡು ಚೈನ್, ಎರಡು ಹೊಲಿಗೆ ಬಿಟ್ಟು ಮತ್ತೊಂದು ಡಬಲ್. ತುಂಬಿದ ಚೌಕಕ್ಕೆ ಆ ಎರಡು ಚೈನಿನ ಜಾಗದಲ್ಲೂ ಡಬಲ್. ಒಂದೇ ಕಾವಿ ಬಣ್ಣದ ಸಣ್ಣ ಹತ್ತಿ ನೂಲಿನಲ್ಲಿ ಮಾಡಿ ಬಿಳಿ ಪರದೆಯ ಕೆಳಗೆ ಹೊಲಿಯಿರಿ. ಸಂಜೆ ಪಶ್ಚಿಮದ ಕಿಟಕಿಯಲ್ಲಿ ಅದರ ನೆರಳು ನೆಲದ ಮೇಲೆ ಬೀಳುವುದು ಬಲು ಚೆಂದ. ಆದರೆ ಅದೇ ಕಿಟಕಿಯಲ್ಲಿ ಬಣ್ಣ ಬೇಗ ಮಾಸುತ್ತದೆ, ಹಬ್ಬ ಕಳೆದ ಮೇಲೆ ಬೇರೆ ಕಡೆ ಹಾಕಿ.

ವರ್ಷವಿಡೀ ಇಡುವಂಥದ್ದನ್ನು ಬಿಟ್ಟು ಉಳಿದದ್ದೆಲ್ಲ ಮೇ ತಿಂಗಳಲ್ಲಿ ಇಳಿಸಿ. ಗಂಜಿ ಪೂರ್ತಿ ಹೋಗುವಂತೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಹಾಸಿ ಒಣಗಿಸಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಉಳಿದ ತೇವ ಒಳಗೇ ಕೂರುತ್ತದೆ. ದೊಡ್ಡ ತುಂಡುಗಳನ್ನು ಮಡಚಬೇಡಿ, ಉರುಳೆಯಾಗಿ ಸುತ್ತಿ. ಮಡಿಕೆ ಬಿದ್ದ ಗೆರೆಯಲ್ಲೇ ನೂಲು ಮೊದಲು ಸವೆಯುವುದು.