ಉತ್ತರ ಕೊಡುವವರು ಓದಲು ಬಂದವರು

ಗದಗದ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಡಿಟಿಪಿ ಮಾಡುವವರಿಗೆ ಒಂದು ತಲೆನೋವು ಚೆನ್ನಾಗಿ ಗೊತ್ತು. ಗಿರಾಕಿ ವಾಟ್ಸಾಪ್‌ನಲ್ಲಿ ಲಗ್ನಪತ್ರಿಕೆಯ ವಿವರ ಕಳಿಸುತ್ತಾರೆ. ಅದನ್ನು ಹಾಗೇ ಎತ್ತಿ, ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ಗೆ ಹಾಕಿದರೆ ಕನ್ನಡ ಬರುವುದಿಲ್ಲ. ಮೊಬೈಲಿನಿಂದ ಬಂದದ್ದು ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಖ್ಯೆ ಕೊಡುವ ಕ್ರಮದ್ದು. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಹಳೆಯ ಫಾಂಟುಗಳಷ್ಟೇ ಅದರಲ್ಲಿ ನಡೆಯುತ್ತವೆ. ನಡುವೆ ಒಂದು ಕನ್ವರ್ಟರ್ ಬಳಸಬೇಕು. ಇಷ್ಟು ಹೇಳಲು ಒಂದು ನಿಮಿಷ ಸಾಕು. ಆದರೆ ಹೇಳುವವರು ಸಿಗಬೇಕಲ್ಲ?

ಇಂಥ ಪ್ರಶ್ನೆಗಳಿಗೆ ಕಾಸು ಕೇಳದೆ ಉತ್ತರಿಸುವ ಜನ ಜಗತ್ತಿನಾದ್ಯಂತ ಇದ್ದಾರೆ. ಅವರು ಯಾಕೆ ಹೀಗೆ ಮಾಡುತ್ತಾರೆ? ಒಳ್ಳೆಯತನ, ಹೆಸರಿನ ಆಸೆ ಎಂದು ನಾವು ಸುಮ್ನೆ ಊಹಿಸುತ್ತೇವೆ. ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದ ಬಗ್ಗೆ ಪ್ರಶ್ನೋತ್ತರ ನಡೆಯುತ್ತಿದ್ದ ಒಂದು ನ್ಯೂಸ್‌ಗ್ರೂಪ್ ಅನ್ನು, ಅಂದರೆ ಒಂದು ವಿಷಯದ ಬಗ್ಗೆ ಜನ ಸಂದೇಶ ಬರೆದು ಚರ್ಚಿಸುವ ಇಂಟರ್ನೆಟ್ ಗುಂಪನ್ನು, ಕರೀಂ ಲಖಾನಿ ಮತ್ತು ಎರಿಕ್ ವಾನ್ ಹಿಪ್ಪಲ್ ಎಂಬ ಸಂಶೋಧಕರು ಅಧ್ಯಯನ ಮಾಡಿದರು. 2003ರಲ್ಲಿ ಅವರ ಪ್ರಬಂಧ ಬಂತು. ಸಹಾಯ ಮಾಡುವವರು ಅಲ್ಲಿ ಹಾಕುವ ಶ್ರಮದಲ್ಲಿ ಶೇಕಡಾ 98ರಷ್ಟು ಅವರ ಸ್ವಂತ ಕಲಿಕೆಗೇ ಒದಗುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ ಈ ಜನ ಮುಖ್ಯವಾಗಿ ಬರುವುದು ಓದಲು. ಬೇರೆಯವರಿಗೆ ಏನು ಕೆಟ್ಟಿದೆ, ಯಾರು ಹೇಗೆ ಸರಿಮಾಡಿದರು ಎಂದು ತಿಳಿಯಲು. ಓದುವಾಗ ತಮಗೆ ಗೊತ್ತಿರುವ ಪ್ರಶ್ನೆ ಕಂಡರೆ ಒಂದೆರಡು ನಿಮಿಷದಲ್ಲಿ ಉತ್ತರ ಬರೆದು ಮುಂದೆ ಹೋಗುತ್ತಾರೆ.

ನನಗೆ ಇದು ಬಹಳ ದೊಡ್ಡ ಮಾತು ಅನಿಸುತ್ತದೆ. ಉತ್ತರಿಸುವುದು ಅಗ್ಗ, ಓದುವುದರಲ್ಲೇ ಸಮಯವೆಲ್ಲ ಇರುವುದು ಎಂದಾದರೆ, ಓದುವುದನ್ನು ಕಷ್ಟ ಮಾಡಿದ ದಿನ ಸಹಾಯವೂ ಕಡಿಮೆಯಾಗಬೇಕು, ಅಲ್ವಾ? ಮುಂದೆ ಇಂಥ ಪ್ರಶ್ನೋತ್ತರ ನ್ಯೂಸ್‌ಗ್ರೂಪ್‌ನಿಂದ ವೆಬ್ ಫೋರಂಗೆ, ಅಂದರೆ ಬ್ರೌಸರಿನಲ್ಲಿ ಪುಟ ಪುಟವಾಗಿ ತೆರೆದು ಓದುವ ಚರ್ಚಾತಾಣಕ್ಕೆ ಹೋದಾಗ ಹಳೆಯ ಪರಿಣತರು ಒದ್ದಾಡಿದರು. ಯಾಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಯೂಸ್‌ನೆಟ್ ಎಂಬ ವ್ಯವಸ್ಥೆಯನ್ನು ಯೋಚಿಸಿದರು. ಮರುವರ್ಷ ಅದು ಓಡತೊಡಗಿತು. ಅದರೊಳಗೆ ವಿಷಯಕ್ಕೊಂದು ನ್ಯೂಸ್‌ಗ್ರೂಪ್. 1991ರ ಆಗಸ್ಟ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆಂದು ಮೊದಲು ಹೇಳಿದ್ದು ಇಂಥದ್ದೇ ಒಂದು ಗ್ರೂಪಿನಲ್ಲಿ. ಅದೇ ಮುಂದೆ ಲಿನಕ್ಸ್ ಆಯಿತು.

ಯೂಸ್‌ನೆಟ್‌ಗೆ ಒಬ್ಬ ಮಾಲೀಕ ಇಲ್ಲ, ಒಂದು ಮುಖ್ಯ ಕಂಪ್ಯೂಟರೂ ಇಲ್ಲ. ನೀವು ಬರೆದ ಸಂದೇಶ ನಿಮ್ಮ ಹತ್ತಿರದ ಸರ್ವರ್‌ಗೆ ಹೋಗುತ್ತದೆ. ಅದು ಪಕ್ಕದ ಸರ್ವರ್‌ಗೆ ‘ನನ್ನ ಹತ್ತಿರ ಈ ಸಂಖ್ಯೆಯ ಸಂದೇಶ ಇದೆ, ಬೇಕಾ?’ ಎಂದು ಕೇಳುತ್ತದೆ. ಮೊದಲೇ ಬಂದಿದ್ದರೆ ಪಕ್ಕದ ಸರ್ವರ್ ಬೇಡ ಅನ್ನುತ್ತದೆ, ಇಲ್ಲದಿದ್ದರೆ ಪ್ರತಿ ಮಾಡಿಕೊಂಡು ತನ್ನ ಪಕ್ಕದ ಇನ್ನೊಂದು ಸರ್ವರ್‌ಗೆ ಇದನ್ನೇ ಕೇಳುತ್ತದೆ. ಪ್ರತಿ ಸಂದೇಶಕ್ಕೂ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತು. ಪ್ರತಿ ಉತ್ತರದ ತಲೆಯಲ್ಲಿ, ಅದು ಯಾವ ಸಂದೇಶಕ್ಕೆ ಉತ್ತರ ಎಂಬ ಗುರುತು. ಈ ಎರಡರಿಂದಲೇ ಓದುಗರ ಕಂಪ್ಯೂಟರ್ ಇಡೀ ಚರ್ಚೆಯನ್ನು ಕೊಂಬೆ ಕೊಂಬೆಯಾಗಿ ಜೋಡಿಸಿ ತೋರಿಸುತ್ತಿತ್ತು.

ಜೋಡಿಸುವ ಕೆಲಸ ಓದುಗರ ಕಂಪ್ಯೂಟರಿನಲ್ಲೇ ನಡೆಯುತ್ತಿದ್ದದ್ದು ಮುಖ್ಯ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಂಥ ಪ್ರೋಗ್ರಾಂ ಇದ್ದರೆ ಇಪ್ಪತ್ತು ಗ್ರೂಪುಗಳು ಒಂದೇ ಕಿಟಕಿಯಲ್ಲಿ. ಓದಿದ್ದು ಯಾವುದು, ಓದದ್ದು ಯಾವುದು ಎಂದು ಅದೇ ನೆನಪಿಟ್ಟುಕೊಳ್ಳುತ್ತಿತ್ತು. ಕಿರಿಕಿರಿ ಮಾಡುವವರ ಸಂದೇಶ ಕಣ್ಣಿಗೇ ಬೀಳದಂತೆ ತಡೆಯಬಹುದಿತ್ತು. ಫೋನ್ ಲೈನಿಗೆ ಮೋಡೆಮ್ ಹಚ್ಚಿ ಹೊಸ ಸಂದೇಶ ಇಳಿಸಿಕೊಂಡು, ಲೈನ್ ಕತ್ತರಿಸಿ, ಸಮಾಧಾನವಾಗಿ ಓದಿ, ಉತ್ತರ ಬರೆದಿಟ್ಟು, ಮತ್ತೆ ಲೈನ್ ಹಚ್ಚಿ ಕಳಿಸಬಹುದಿತ್ತು.

ಇಂಟರ್ನೆಟ್ ಗಂಟೆಗೂ ದುಡ್ಡು, ಫೋನ್ ಕರೆಗೂ ದುಡ್ಡು ಕೊಡುತ್ತಿದ್ದ ದಿನಗಳಲ್ಲಿ ಹುಬ್ಬಳ್ಳಿಯಲ್ಲೋ ಹಾವೇರಿಯಲ್ಲೋ ಕೂತವರಿಗೆ ಇದರ ಬೆಲೆ ಎಷ್ಟಿರಬೇಕು, ಲೆಕ್ಕ ಹಾಕಿ. ಸೆಕೆಂಡಿಗೆ 40 ಕಿಲೋಬಿಟ್, ಅಂದರೆ 5 ಕಿಲೋಬೈಟ್ ಬರುವ ಲೈನ್ ಎಂದುಕೊಳ್ಳೋಣ. 2 ಕಿಲೋಬೈಟಿನ ಒಂದು ಸಂದೇಶ ಅರ್ಧ ಸೆಕೆಂಡಿನೊಳಗೆ ಇಳಿಯುತ್ತದೆ. 50 ಸಂದೇಶಕ್ಕೆ ಸುಮಾರು 20 ಸೆಕೆಂಡು. ಅವೇ 50 ಸಂದೇಶಗಳು ಚಿತ್ರ, ಬಣ್ಣ ಸೇರಿ ತಲಾ 100 ಕಿಲೋಬೈಟಿನ ವೆಬ್ ಪುಟಗಳಾದರೆ 16 ನಿಮಿಷ ದಾಟುತ್ತದೆ. ಅಷ್ಟೂ ಹೊತ್ತು ಲೈನ್ ಹಚ್ಚಿಯೇ ಇರಬೇಕು, ನಡುವೆ ಕರೆಂಟ್ ಹೋಗಬಾರದು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಈ ಕಾಯುವಿಕೆ ತಗ್ಗಿತು ನಿಜ. ಆದರೆ ಪುಟ ತೆರೆ, ಕೆಳಗೆ ಜಾರು, ಹಿಂದೆ ಬಾ, ಮುಂದಿನದು ತೆರೆ ಎಂಬ ದುಡಿಮೆ ಹಾಗೇ ಉಳಿಯಿತು. ದಿನಕ್ಕೊಂದು ಪ್ರಶ್ನೆ ಕೇಳುವವರಿಗೆ ಅದೇನೂ ಭಾರವಲ್ಲ. ದಿನಕ್ಕೆ ನೂರಾರು ಪ್ರಶ್ನೆ ಓದುವವರಿಗೆ ಭಾರ.

ಹಾಗಂತ ಹಳೆಯದೇ ಚಂದ ಎನ್ನಲಾರೆ. ಹೆಚ್ಚಿನ ನ್ಯೂಸ್‌ಗ್ರೂಪುಗಳಿಗೆ ಬಾಗಿಲೇ ಇರಲಿಲ್ಲ. 1994ರ ಏಪ್ರಿಲ್‌ನಲ್ಲಿ ಇಬ್ಬರು ವಕೀಲರು ಗ್ರೀನ್ ಕಾರ್ಡ್ ಜಾಹೀರಾತನ್ನು ಸಾವಿರಾರು ಗ್ರೂಪುಗಳಿಗೆ ಸುರಿದರು, ಆಮೇಲೆ ಅಂಥವರ ಸಂತೆಯೇ ನೆರೆಯಿತು. ಒಮ್ಮೆ ಕಳಿಸಿದ ತಪ್ಪು ಉತ್ತರವನ್ನು ಎಲ್ಲ ಸರ್ವರ್‌ಗಳಲ್ಲೂ ತಿದ್ದುವುದು ಕಷ್ಟವಿತ್ತು. ನಮಗೆ ಇನ್ನೂ ಒಂದು ತೊಡಕು. ಆ ವ್ಯವಸ್ಥೆ ಹುಟ್ಟಿದ್ದು ಬರೀ ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು. ಕನ್ನಡದಲ್ಲಿ ಬರೆದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬಿಡಬಹುದಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂತು. ಆದರೆ ಸೆಟ್ಟಿಂಗ್ಸ್‌ನೊಳಗೆ ಒಂದು ಕಡೆ ಟಿಕ್ ಹಾಕಿ, ಎಕ್ಸ್‌ಪಿಯ ಸಿಡಿ ಕೊಡುವ ತನಕ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ‘ಸರ, ಅಕ್ಷರ ಒಡದ ಬರಾಕತ್ತಾವ’ ಎನ್ನುವ ಧಾರವಾಡದ ಹುಡುಗ ಪರದೆಯ ಚಿತ್ರ ಹಚ್ಚಿ ಕನ್ನಡದಲ್ಲೇ ಕೇಳಲು ಸಾಧ್ಯವಾದದ್ದು ವೆಬ್ ಫೋರಂ ಬಂದ ಮೇಲೆ. ಇದು ಸಣ್ಣ ಲಾಭವಲ್ಲ.

2010ರ ಮೇ ತಿಂಗಳಲ್ಲಿ ಎರಡು ಸುದ್ದಿ ಬಂದವು. ಡ್ಯೂಕ್ ವಿಶ್ವವಿದ್ಯಾಲಯ ತನ್ನ ಯೂಸ್‌ನೆಟ್ ಸರ್ವರ್ ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನದೇ ಸರ್ವರ್‌ನಲ್ಲಿ ನಡೆಸುತ್ತಿದ್ದ ನ್ಯೂಸ್‌ಗ್ರೂಪುಗಳನ್ನು ಜೂನ್‌ನಿಂದ ಹಂತ ಹಂತವಾಗಿ ಮುಚ್ಚಿ ಎಲ್ಲರನ್ನೂ ಫೋರಂಗೆ ಕರೆಯುವುದಾಗಿ ಹೇಳಿತು. ಆ ಗ್ರೂಪುಗಳಲ್ಲಿ ವರ್ಷಗಟ್ಟಲೆ ಉತ್ತರಿಸಿದವರಲ್ಲಿ ಅನೇಕರಿಗೆ ಕಂಪನಿಯೇ ಎಂವಿಪಿ ಎಂಬ ಗೌರವ ಕೊಟ್ಟಿತ್ತು. ಫೋರಂನ ಸಂದೇಶಗಳನ್ನು ಹಳೆಯ ನ್ಯೂಸ್‌ಗ್ರೂಪ್ ಪ್ರೋಗ್ರಾಂನಲ್ಲೇ ಓದಲು ಆಗುವ ಒಂದು ಸೇತುವೆ ತಂತ್ರಾಂಶವನ್ನು ಕಂಪನಿ ಹೊರತಂದಿತು. ಓದುವ ಸಲಕರಣೆ ಕಿತ್ತುಕೊಂಡರೆ ಏನಾಗುತ್ತದೆ ಎಂಬುದು ಅವರಿಗೂ ಅರ್ಥವಾಗಿತ್ತು ಎಂದು ನಾನು ನಂಬುತ್ತೇನೆ.

ಈ ಜನರನ್ನು ಲೆಕ್ಕದಿಂದಲೇ ಗುರುತಿಸಬಹುದು ಎಂಬುದು ಇನ್ನೊಂದು ಸಂಗತಿ. ಹೊವರ್ಡ್ ವೆಲ್ಸರ್, ಮಾರ್ಕ್ ಸ್ಮಿತ್ ಮತ್ತು ಜೊತೆಗಾರರು 2007ರಲ್ಲಿ ಯೂಸ್‌ನೆಟ್‌ನಲ್ಲಿ ಯಾರು ಯಾರಿಗೆ ಉತ್ತರಿಸಿದರು ಎಂಬುದನ್ನು ಗೆರೆ ಎಳೆದು ನೋಡಿದರು. ಹರಟುವವರ ಸುತ್ತ ಗೆರೆಗಳ ಗೋಜಲು. ಎಲ್ಲರೂ ಎಲ್ಲರಿಗೂ ಉತ್ತರಿಸುತ್ತಾರೆ. ಉತ್ತರ ಕೊಡುವ ಪರಿಣತರಿಂದ ಗೆರೆಗಳು ಹೊರಗೆ ಹರಡಿಕೊಂಡಿರುತ್ತವೆ, ಆದರೆ ಆ ಗೆರೆಗಳ ತುದಿಯಲ್ಲಿರುವವರಿಗೆ ಒಬ್ಬರಿಗೊಬ್ಬರ ನಂಟು ಕಡಿಮೆ. ಒಂದು ಮಾತು ಹೇಳಿ ಮುಂದಿನವರ ಹತ್ತಿರ ಹೋಗುವುದು ಇವರ ರೀತಿ. ಇಂಥವರ ಸಂಖ್ಯೆ ಎಲ್ಲೂ ಕಡಿಮೆಯೇ. ಹಾಗಾಗಿ ಅವರಲ್ಲಿ ಕೆಲವರು ಬೇಸತ್ತು ಹೋದರೂ ಇಡೀ ಜಾಗ ಸೊರಗುತ್ತದೆ.

ಈಗ ನಮ್ಮ ಕಡೆ ಡಿಟಿಪಿಯವರ, ಮೊಬೈಲ್ ರಿಪೇರಿಯವರ ಪ್ರಶ್ನೆಗಳು ಹೋಗುವುದು ವಾಟ್ಸಾಪ್ ಗ್ರೂಪುಗಳಿಗೆ. ಕೇಳುವುದು ಇಷ್ಟು ಸುಲಭ ಹಿಂದೆಂದೂ ಇರಲಿಲ್ಲ. ಓದುವುದು ಮಾತ್ರ ಜಾಸ್ತಿ ಕಷ್ಟವಾಗಿದೆ. ಫಾಂಟಿನ ಪ್ರಶ್ನೆಯ ಕೆಳಗೆ ಶುಭೋದಯ, ಅದರ ಕೆಳಗೆ ಪ್ರಿಂಟರಿನ ಪ್ರಶ್ನೆ, ಆಮೇಲೆ ಮೊದಲ ಪ್ರಶ್ನೆಗೆ ಉತ್ತರ. ಹೊಸಬರು ಗ್ರೂಪಿಗೆ ಸೇರಿದರೆ ಹಿಂದಿನದ್ದು ಹೆಚ್ಚಾಗಿ ಕಾಣುವುದೇ ಇಲ್ಲ, ಹಾಗಾಗಿ ಅದೇ ಪ್ರಶ್ನೆ ಮತ್ತೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಯೂಸ್‌ನೆಟ್ ಸಂದೇಶಗಳನ್ನು ಸಾಗಿಸುವ ನಿಯಮಗಳನ್ನು 2006ರಲ್ಲಿ ಪರಿಷ್ಕರಿಸಿದರು. ಅದರಲ್ಲಿ ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಹೊರಬಲ್ಲ ಯುಟಿಎಫ್-8 ಕ್ರಮವನ್ನೇ ಮೂಲವಾಗಿ ಇಟ್ಟುಕೊಂಡಿದ್ದಾರೆ. ಆ ನಿಯಮಗಳು ಇವತ್ತಿಗೂ ಎಲ್ಲರಿಗೂ ಮುಕ್ತ, ಸರ್ವರ್ ನಡೆಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹುಬ್ಬಳ್ಳಿ-ಧಾರವಾಡದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇದನ್ನು ಎತ್ತಿಕೊಳ್ಳಲಿ: ಕನ್ನಡದ ಪ್ರಶ್ನೆಗಳನ್ನು ವಿಷಯವಾರು ಜೋಡಿಸಿ, ಇನ್ನೂ ಉತ್ತರ ಸಿಗದವನ್ನು ಮೇಲೆ ತಂದು, ನೆಟ್ ಇಲ್ಲದಾಗಲೂ ಓದಲು ಬಿಡುವ ಒಂದು ಮೊಬೈಲ್ ಆ್ಯಪ್. ಮೊದಲು ಪರೀಕ್ಷಿಸಲು ಗದಗದ ಡಿಟಿಪಿ ಆಪರೇಟರುಗಳ ಹತ್ತಿರವೇ ಹೋಗಬಹುದು.