ಚೀಟಿ ಅಂಟಿಸಿದರೆ ಸೂಜಿ ನಿಂತೀತೇ?

1897ರ ಜನವರಿಯಲ್ಲಿ, ಮುಂಬಯಿಯನ್ನು ಪ್ಲೇಗು ಬಾಧಿಸುತ್ತಿದ್ದಾಗ, ಬ್ಯಾಕ್ಟೀರಿಯಾ ತಜ್ಞ ವಾಲ್ಡೆಮಾರ್ ಹಾಫ್‌ಕಿನ್ ತಾವು ತಯಾರಿಸಿದ ಲಸಿಕೆಯನ್ನು ಮೊದಲು ತಮ್ಮ ಮೈಗೇ ಹಾಕಿಸಿಕೊಂಡರು. ಮರುವರ್ಷ ಹುಬ್ಬಳ್ಳಿ, ಧಾರವಾಡದ ಸಾವಿರಾರು ಜನ ಅದೇ ಲಸಿಕೆಗೆ ತೋಳೊಡ್ಡಿದರು. ಆಮೇಲೆ ತನ್ನ ಹೃದಯದವರೆಗೆ ನಳಿಕೆ ತೂರಿಸಿಕೊಂಡ ಜರ್ಮನ್ ವೈದ್ಯ ಫೋರ್ಸ್‌ಮನ್, ಬ್ಯಾಕ್ಟೀರಿಯಾ ಬೆರೆಸಿದ ದ್ರವ ಕುಡಿದ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಇಬ್ಬರೂ ನೊಬೆಲ್ ಪಡೆದರು. ಮನುಷ್ಯರ ಮೇಲಿನ ಪ್ರಯೋಗಗಳಿಗೆ ಕಟ್ಟಳೆ ಹಾಕಿದ 1947ರ ನ್ಯೂರೆಂಬರ್ಗ್ ಸಂಹಿತೆ ಜೀವಾಪಾಯದ ಪ್ರಯೋಗಗಳನ್ನು ನಿಷೇಧಿಸುವಾಗಲೂ ವೈದ್ಯ ತಾನೇ ಪ್ರಯೋಗಪಶುವಾದರೆ ಬಹುಶಃ ವಿನಾಯಿತಿ ಇರಬಹುದು ಎಂದು ಕಿಂಡಿಯೊಂದನ್ನು ತೆರೆದೇ ಇಟ್ಟಿತು.

1999ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ 18 ವರ್ಷದ ಹುಡುಗ ತೀರಿಕೊಂಡ ಮೇಲೆ ಸಂಸ್ಥೆಗಳ ಮೇಲಿನ ನಿಗಾ ಬಿಗಿಯಾಯಿತು. ಆದರೆ 2008ರ ಹೊತ್ತಿಗೆ ಅಮೆರಿಕದಲ್ಲಿ ‘ಡಿಐವೈ ಬಯೋ’ (ನೀವೇ ಮಾಡಿ ನೋಡುವ ಜೀವವಿಜ್ಞಾನ) ಎಂಬ ಹವ್ಯಾಸಿಗಳ ಕೂಟ ಹುಟ್ಟಿತ್ತು. 2012ರಲ್ಲಿ ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರ ಬಂತು, ಜೀನು ಕತ್ತರಿಸುವ ಕೆಲಸ ಅಗ್ಗವಾಯಿತು.

ಕಥೆ ಬಿಸಿಯೇರಿದ್ದು 2017ರ ಅಕ್ಟೋಬರಿನಲ್ಲಿ. ನಾಸಾದಲ್ಲಿ ಕೆಲಸ ಮಾಡಿದ್ದ ಜೊಸೈಯಾ ಝೇನರ್ ಸ್ಯಾನ್ ಫ್ರಾನ್ಸಿಸ್ಕೊದ ಸಮ್ಮೇಳನವೊಂದರಲ್ಲಿ ಸಭಿಕರೆದುರೇ ತೋಳಿಗೆ ಕ್ರಿಸ್ಪರ್ ಚುಚ್ಚಿಕೊಂಡರು. ಗುರಿ ಮಯೋಸ್ಟಾಟಿನ್, ಅಂದರೆ ಸ್ನಾಯು ಮಿತಿಮೀರದಂತೆ ಲಗಾಮು ಹಿಡಿಯುವ ಜೀನು. ಹೀಗೆ ಹೊರಗಿನಿಂದ ಬರಿಯ ಡಿಎನ್ಎ ಹಾಕಿದರೆ ಅದು ಬೆರಳೆಣಿಕೆಯ ಕೋಶಗಳ ಒಳಗೆ ಹೊಕ್ಕರೆ ಹೆಚ್ಚು, ತೋಳೇನೂ ಉಬ್ಬಲಿಲ್ಲ. ಅದೇ ತಿಂಗಳು ಎಚ್‌ಐವಿ ಸೋಂಕಿತ ಯುವಕನೊಬ್ಬ ಫೇಸ್‌ಬುಕ್ ನೇರಪ್ರಸಾರದಲ್ಲಿ ಹೊಟ್ಟೆಗೆ ಜೀನ್ ಮದ್ದು ಚುಚ್ಚಿಕೊಂಡ. 2018ರ ಫೆಬ್ರವರಿಯಲ್ಲಿ ಆಸ್ಟಿನ್ ನಗರದ ವೇದಿಕೆಯಲ್ಲಿ ಇಂಥದೇ ಹವ್ಯಾಸಿ ಪ್ರಯೋಗಗಳ ಏರನ್ ಟ್ರೇವಿಕ್ ಪ್ಯಾಂಟು ಜಾರಿಸಿ ತೊಡೆಗೆ ಹರ್ಪಿಸ್ ಲಸಿಕೆ ಎಂದು ಕರೆದದ್ದನ್ನು ಚುಚ್ಚಿಕೊಂಡರು. ಹಾಫ್‌ಕಿನ್ ಕೂಡ ಧೈರ್ಯ ಮಾಡಿದ್ದರು, ನಿಜ. ಆದರೆ ಅವರು ಜ್ವರ ಎಷ್ಟು ಏರಿತು ಎಂದು ಗಮನಿಸುತ್ತಿದ್ದರು, ಇಲ್ಲಿ ಎಣಿಕೆಯಾದದ್ದು ನೋಡುಗರ ಸಂಖ್ಯೆ. ತನ್ನ ಪ್ರದರ್ಶನ ಕಂಡು ಯಾರಾದರೂ ಅಪಾಯಕ್ಕೆ ಸಿಲುಕಬಹುದೆಂದು ಝೇನರ್ ಅವರೇ ಆಮೇಲೆ ಬಹಿರಂಗವಾಗಿ ಕಳವಳಪಟ್ಟರು.

ಸರ್ಕಾರಗಳೇನು ಮಾಡಿದವು? ಸ್ವಯಂಬಳಕೆಯ ಜೀನ್ ಚಿಕಿತ್ಸೆಯ ಕಿಟ್ (ಸಾಮಗ್ರಿಗಳ ಪೆಟ್ಟಿಗೆ) ಮಾರುವುದು ಕಾನೂನುಬಾಹಿರ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರಿನಲ್ಲಿ ಹೇಳಿತು. ಗಮನಿಸಿ, ಮಾರುವುದು. ಕೊಂಡವನು ಮನೆಯಲ್ಲಿ ತನ್ನ ಮೈಗೆ ಏನು ಮಾಡಿಕೊಳ್ಳುತ್ತಾನೆ ಎಂಬಲ್ಲಿಗೆ ಅದರ ಕೈ ಅಷ್ಟು ಸುಲಭವಾಗಿ ಚಾಚುವುದಿಲ್ಲ. 2020ರ ಜನವರಿಯಿಂದ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ಕಾಯಿದೆ ಕೇಳಿದ್ದು ಇನ್ನೂ ಕಡಿಮೆ: ಕಿಟ್‌ನ ಪೆಟ್ಟಿಗೆಯ ಮೇಲೆ ಇದು ಸ್ವಯಂಬಳಕೆಗಲ್ಲ ಎಂಬ ಸೂಚನೆಯ ಚೀಟಿ. ಜರ್ಮನಿಯಲ್ಲಿ ಬೇರೆಯೇ ಲೆಕ್ಕ; ಪರವಾನಗಿ ಪಡೆದ ಪ್ರಯೋಗಾಲಯದ ಹೊರಗೆ ಜೀನ್ ತಿದ್ದುವ ಕೆಲಸಕ್ಕೆ ದಂಡವಿದೆ, ಸೆರೆಮನೆಯೂ ಉಂಟು. ನಮ್ಮಲ್ಲಿ 1989ರ ನಿಯಮಗಳು ಜೀನ್ ತಿದ್ದಿದ ಜೀವಿಗಳ ಆಮದು, ಮಾರಾಟ ಮಾತ್ರವಲ್ಲದೆ ಬಳಕೆಗೂ ಅನುಮತಿ ಬೇಕೆನ್ನುತ್ತವೆ. ಅಡುಗೆಮನೆಯ ಸಿರಿಂಜನ್ನು ಅವುಗಳನ್ನು ಬರೆದವರು ಊಹಿಸಿದ್ದರೆಂದು ಮಾತ್ರ ನನಗೆ ಅನ್ನಿಸುವುದಿಲ್ಲ.

ಗಂಟು ಇನ್ನೂ ಬಿಗಿಯಾದದ್ದು 2024ರಲ್ಲಿ. ಕ್ರೊಯೇಷಿಯಾದ ವೈರಾಣು ತಜ್ಞೆ ಬೆಯಾಟಾ ಹಲಾಸಿ ತಮ್ಮ ಮರುಕಳಿಸಿದ ಸ್ತನ ಕ್ಯಾನ್ಸರಿಗೆ ತಾವೇ ಬೆಳೆಸಿದ ದಡಾರದ ವೈರಾಣು ಮತ್ತು ಇನ್ನೊಂದು ವೈರಾಣುವನ್ನು ಚುಚ್ಚಿಸಿಕೊಂಡ ವರದಿ ಪ್ರಕಟವಾಯಿತು. ಗೆಡ್ಡೆ ಕುಗ್ಗಿತು, ಶಸ್ತ್ರಚಿಕಿತ್ಸೆಯಿಂದ ತೆಗೆಯಲಾಯಿತು. ಹಾಗಿದ್ದೂ ಪ್ರಬಂಧವನ್ನು ಹನ್ನೆರಡಕ್ಕೂ ಹೆಚ್ಚು ಪತ್ರಿಕೆಗಳು ತಿರಸ್ಕರಿಸಿದ್ದವು. ಓದಿದ ರೋಗಿಗಳು ಇದನ್ನೇ ಅನುಸರಿಸಿಯಾರೆಂಬ ಅಳುಕು ಹಲವರದು. ಹಲಾಸಿಯವರೇನೂ ಕಿಟ್ ಮಾರಿರಲಿಲ್ಲ. ಎಚ್ಚರಿಕೆಯ ಚೀಟಿ ಅಂಟಿಸೋಣವೆಂದರೆ ಅಲ್ಲಿ ಪೆಟ್ಟಿಗೆಯೇ ಇರಲಿಲ್ಲ.