‘ಹಳಿ ಚೆಕ್ ಮಾಡ್ತೀನಿ’ ಅಂದರೆ ಸಾಕಾ? ಟ್ರ್ಯಾಕ್ ಇನ್‌ಸ್ಪೆಕ್ಟರ್ ಕೆಲಸವನ್ನು ಬರೆಯುವ ಬಗೆ

ಓದುಗರ ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಗುತ್ತಿಗೆದಾರರೊಬ್ಬರ ಹತ್ತಿರ ಹಳಿ ತಪಾಸಣೆ ಕೆಲಸದಲ್ಲಿದ್ದೇನೆ. ಮೆಟ್ರೊ, ಸಬರ್ಬನ್ ರೈಲಿನ ಕಡೆ ಅರ್ಜಿ ಹಾಕಬೇಕು. ಬಯೋಡೇಟಾದಲ್ಲಿ ‘ಟ್ರ್ಯಾಕ್ ಇನ್‌ಸ್ಪೆಕ್ಷನ್’ ಅಂತ ಒಂದು ಸಾಲು ಬರೆದ ಮೇಲೆ ಮುಂದೆ ಕೈ ಓಡುವುದಿಲ್ಲ. ಈ ಕೆಲಸವನ್ನು ಸರಿಯಾಗಿ ವಿವರಿಸುವುದು ಹೇಗೆ?

ಉತ್ತರ: ನೋಡಿದ ಮೇಲೆ ಏನು ತೀರ್ಮಾನಕ್ಕೆ ಬಂದಿರಿ, ಅದನ್ನು ಬರೆಯಿರಿ. ಹಳಿ ಉದ್ದಕ್ಕೂ ನಡೆಯುವುದು ಯಾರಿಗಾದರೂ ಬರುತ್ತದೆ. ಈ ಜಾಗದಲ್ಲಿ ಗಾಡಿ ಪೂರ್ತಿ ವೇಗದಲ್ಲಿ ಹೋಗಬಹುದಾ, 30 ಕಿ.ಮೀ.ಗೆ ಇಳಿಸಬೇಕಾ, ಇಲ್ಲಾ ನಿಲ್ಲಿಸಲೇಬೇಕಾ ಅಂತ ಹೇಳುವುದಕ್ಕೆ ಇನ್‌ಸ್ಪೆಕ್ಟರ್ ಬೇಕು. ನಿಮ್ಮನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಹುಡುಕುವುದೂ ಇದನ್ನೇ.

ರೈಲ್ವೆಯಲ್ಲಿ ಈ ಕೆಲಸ ಒಬ್ಬರದಲ್ಲ. ಕೀಮನ್ ದಿನಾ ತನ್ನ ಬೀಟ್, ಅಂದರೆ ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಾರೆ. ಕೈಯಲ್ಲಿ ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟ, ಜೊತೆಗೆ ಪಟಾಕಿಯಂತೆ ಸಿಡಿಯುವ ಡಿಟೋನೇಟರ್‌ಗಳು. ಹಳಿಯನ್ನು ಹಿಡಿದಿಡುವ ಕ್ಲಿಪ್ ಸಡಿಲವಾಗಿದ್ದರೆ ಅಲ್ಲೇ ಹೊಡೆದು ಕೂರಿಸುತ್ತಾರೆ. ಹಳಿ ಮುರಿದಿದ್ದರೆ 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಮೂರು ಡಿಟೋನೇಟರ್ ಇಟ್ಟು ಬರುವ ಗಾಡಿಯನ್ನು ತಡೆಯುತ್ತಾರೆ. ಮೇಟ್ ತನ್ನ ಗ್ಯಾಂಗಿನ ಜೊತೆ ರಿಪೇರಿ ನೋಡಿಕೊಳ್ಳುತ್ತಾರೆ. ಇವರ ಮೇಲಿರುವವರು ಜೂನಿಯರ್ ಎಂಜಿನಿಯರ್ ಮತ್ತು ಸೀನಿಯರ್ ಸೆಕ್ಷನ್ ಎಂಜಿನಿಯರ್. ಹಳಬರು ಇವರನ್ನು ಈಗಲೂ ಪಿಡಬ್ಲ್ಯುಐ (ಪರ್ಮನೆಂಟ್ ವೇ ಇನ್‌ಸ್ಪೆಕ್ಟರ್) ಅಂತಲೇ ಕರೆಯುತ್ತಾರೆ. ತಳ್ಳುವ ಟ್ರಾಲಿಯಲ್ಲಿ ಕೂತು ಸೆಕ್ಷನ್ ನೋಡುವವರು, ಎಂಜಿನ್ನಿನಲ್ಲಿ ನಿಂತು ಎಲ್ಲಿ ಗಾಡಿ ಪಕ್ಕಕ್ಕೆ ಜಗ್ಗಿತು ಅಂತ ಕಿಲೋಮೀಟರ್ ನಂಬರ್ ಸಮೇತ ಬರೆದುಕೊಳ್ಳುವವರು ಇವರೇ. ಈ ಸಾಲಿನಲ್ಲಿ ನೀವು ಎಲ್ಲಿ ನಿಂತಿದ್ದಿರಿ ಅನ್ನುವುದನ್ನು ಮೊದಲು ಹೇಳಿ.

ಇನ್ನು ಅಳತೆಗಳು. ‘ಗೇಜ್, ಲೆವೆಲ್, ಅಲೈನ್‌ಮೆಂಟ್ ಚೆಕ್ ಮಾಡಿದ್ದೇನೆ’ (ಎರಡು ಹಳಿಗಳ ನಡುವಿನ ಅಂತರ, ಎತ್ತರ, ನೇರ) ಅಂತ ಎಲ್ಲರೂ ಬರೆಯುತ್ತಾರೆ. ಅದನ್ನು ಓದಿದವರಿಗೆ ಏನೂ ತಿಳಿಯುವುದಿಲ್ಲ. ತಿರುವಿನ ಒಂದು ಉದಾಹರಣೆ ನೋಡಿ. ಹೊರಗಿನ ಹಳಿಯ ಒಳಬದಿಗೆ 20 ಮೀಟರ್ ದಾರವನ್ನು ಬಿಗಿಯಾಗಿ ಹಿಡಿಯುತ್ತೀರಿ. ನಡುವೆ ದಾರಕ್ಕೂ ಹಳಿಗೂ ಎಷ್ಟು ಅಂತರ ಅಂತ ಸ್ಕೇಲ್ ಇಟ್ಟು ನೋಡುತ್ತೀರಿ. ಇದೇ ವರ್ಸೈನ್. 500 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದು 100 ಮಿ.ಮೀ. ಬರಬೇಕು. 10 ಮೀಟರ್ ಮುಂದೆ ಹೋಗಿ ಮತ್ತೆ ಅಳತೆ. ಪುಸ್ತಕದಲ್ಲಿ 100, 102, 99 ಅಂತ ಬರುತ್ತಾ ಇದ್ದಕ್ಕಿದ್ದಂತೆ 118, ಅದರ ಪಕ್ಕದಲ್ಲೇ 84 ಬಂತು ಅಂದುಕೊಳ್ಳಿ. ಸರಾಸರಿ ತೆಗೆದರೆ ಎಲ್ಲಾ ಸರಿಯಾಗಿದೆ ಅನ್ನಿಸುತ್ತದೆ. ಆದರೆ ಅಲ್ಲಿ ಹಳಿ ಪಕ್ಕಕ್ಕೆ ಸರಿದಿದೆ, ಪ್ರತಿ ಗಾಡಿಯೂ ಅದನ್ನು ಇನ್ನಷ್ಟು ಹೊರಗೆ ದೂಡುತ್ತಿದೆ. ಅಕ್ಕಪಕ್ಕದ ಎರಡು ಅಂಕಿಗಳ ನಡುವಿನ ಈ ಜಿಗಿತವನ್ನು ಹಿಡಿಯುವುದೇ ಕಸುಬು. ಇಂಥದ್ದೊಂದನ್ನು ನೀವು ಹಿಡಿದಿದ್ದರೆ ಅದು ಬಯೋಡೇಟಾದ ಮೊದಲ ಪುಟದಲ್ಲೇ ಇರಬೇಕು.

ಟ್ವಿಸ್ಟ್, ಅಂದರೆ ಹಳಿ ತಿರುಚಿಕೊಳ್ಳುವುದು ಕೂಡ ಹಾಗೇ. ಒಂದು ಹಳಿ ಇನ್ನೊಂದಕ್ಕಿಂತ ಸ್ವಲ್ಪ ತಗ್ಗಿದ್ದರೆ ದೊಡ್ಡ ಭಯವಿಲ್ಲ. ಆ ವ್ಯತ್ಯಾಸ ಕೆಲವೇ ಮೀಟರ್‌ನಲ್ಲಿ ತಿರುವುಮುರುವಾದರೆ ಬೋಗಿಯ ಒಂದು ಚಕ್ರದ ಮೇಲೆ ಭಾರ ಕಡಿಮೆಯಾಗಿ ಅದು ಹಳಿ ಹತ್ತಿಬಿಡಬಹುದು.

ಬೆಂಗಳೂರು ತಂಪು ಊರು, ಇಲ್ಲಿ ಹಳಿ ಕಾಯುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಏಪ್ರಿಲ್ ಮಧ್ಯಾಹ್ನ ಹಳಿ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಗಾಳಿಗಿಂತ ಅದು ಎಷ್ಟೋ ಜಾಸ್ತಿ ಬಿಸಿ ಇರುತ್ತದೆ. ಒಂದು ಕಿ.ಮೀ. ಉದ್ದದ ಉಕ್ಕು ಒಂದು ಡಿಗ್ರಿಗೆ ಸುಮಾರು 11.5 ಮಿ.ಮೀ. ಹಿಗ್ಗಬೇಕು. 30 ಡಿಗ್ರಿ ಏರಿದರೆ ಒಂದು ಅಡಿಗೂ ಜಾಸ್ತಿ. ಬೆಸುಗೆ ಹಾಕಿದ ಉದ್ದ ಹಳಿಗೆ ಹಿಗ್ಗಲು ಜಾಗವೇ ಇಲ್ಲ, ಅಲ್ವಾ? ಕ್ಲಿಪ್, ಹಳಿಯ ಕೆಳಗಿನ ಅಡ್ಡ ದಿಮ್ಮಿಯಾದ ಸ್ಲೀಪರ್, ಜಲ್ಲಿ ಸೇರಿ ಅದನ್ನು ಹಿಡಿದಿಡಬೇಕು. ಸ್ಲೀಪರಿನ ತುದಿಯಲ್ಲಿ ಜಲ್ಲಿ ಕಡಿಮೆಯಾದರೆ ಹಳಿ ಹಾವಿನ ಹಾಗೆ ಸೊಟ್ಟಗಾಗುತ್ತದೆ. ಆದ್ದರಿಂದ ‘ಜಲ್ಲಿ ನೋಡಿದೆ’ ಅಂತ ಸುಮ್ನೆ ಬರೆಯಬೇಡಿ. ಬೇಸಿಗೆಗೆ ಮುಂಚೆ ಜಲ್ಲಿ ಕಡಿಮೆಯಿದ್ದ ಜಾಗಗಳನ್ನು ಗುರುತಿಸಿ ಭರ್ತಿ ಮಾಡಿಸಿದ್ದೇನೆ ಅಂತ ಬರೆಯಿರಿ, ನಿಜವಾಗಿ ಮಾಡಿಸಿದ್ದರೆ.

ಕಣ್ಣಿಗೆ ಕಾಣದ ಬಿರುಕು ಹುಡುಕುವ ಅಲ್ಟ್ರಾಸಾನಿಕ್ ಪರೀಕ್ಷೆಯಲ್ಲಿ ಕೈ ಹಾಕಿದ್ದರೆ ಅದನ್ನು ಬೇರೆಯಾಗಿ ತೋರಿಸಿ. ಅಲ್ಲಿ ದೋಷ ಪತ್ತೆಯಾದಾಗ ಏನಾಯಿತು ಅನ್ನುವುದು ಮುಖ್ಯ: ಯಾರಿಗೆ ಹೇಳಿದಿರಿ, ವೇಗ ಇಳಿಸಲಾಯಿತಾ, ಹಳಿಗೆ ಆಸರೆಯಾಗಿ ಪಕ್ಕದಲ್ಲಿ ಫಿಶ್‌ಪ್ಲೇಟ್ ಎಂಬ ಉಕ್ಕಿನ ಪಟ್ಟಿ ಕಟ್ಟಿದರಾ, ಹಳಿ ಯಾವಾಗ ಬದಲಾಯಿತು.

ನೀವು ಗುತ್ತಿಗೆದಾರರ ಕಡೆಯವರು. ರೈಲಿನ ವೇಗ ಇಳಿಸುವ ಅಧಿಕಾರ ರೈಲ್ವೆಯವರದ್ದು. ಆದ್ದರಿಂದ ‘ವೇಗ ಮಿತಿ ಹಾಕಿದೆ’ ಅಂತ ಬರೆದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಹೀಗೆ ಬರೆದು ನೋಡಿ:

‘ಡಬಲ್ ಲೈನಿನ ಇಷ್ಟು ಕಿ.ಮೀ., ಯಾರ್ಡಿನ ಇಷ್ಟು ಪಾಯಿಂಟ್‌ಗಳ ಅಳತೆ ನನ್ನ ಜವಾಬ್ದಾರಿಯಾಗಿತ್ತು. ಒಂದು ತಿರುವಿನಲ್ಲಿ ವರ್ಸೈನ್ ಏರುಪೇರು ಕಂಡು ಅದೇ ದಿನ ಸೆಕ್ಷನ್ ಎಂಜಿನಿಯರ್‌ಗೆ ವರದಿ ಮಾಡಿದೆ. ಅವರು ವೇಗ ಮಿತಿ ಹಾಕಿದರು. ಬ್ಲಾಕ್ ಸಿಕ್ಕ ಮೇಲೆ ಹಳಿ ಸರಿಪಡಿಸಿ ಮತ್ತೆ ಅಳೆದು ದಾಖಲಿಸಿದೆ.’

(ಪಾಯಿಂಟ್ ಅಂದರೆ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗ; ಬ್ಲಾಕ್ ಅಂದರೆ ಕೆಲಸಕ್ಕಾಗಿ ಗಾಡಿ ಓಡಾಟ ನಿಲ್ಲಿಸಿ ಕೊಡುವ ಹೊತ್ತು.) ಅಂಕಿಗಳನ್ನು ನಿಮ್ಮ ರಿಜಿಸ್ಟರ್ ನೋಡಿ ತುಂಬಿ. ಅಂದಾಜಿನ ಮೇಲೆ ಬರೆಯಬೇಡಿ.

ಮೆಟ್ರೊಗೆ ಅರ್ಜಿ ಹಾಕುವಾಗ ಒಂದು ವಿಷಯ ಗಮನದಲ್ಲಿರಲಿ. ನಮ್ಮ ಮೆಟ್ರೊ ಹಳಿ 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್, ರೈಲ್ವೆಯದು 1676 ಮಿ.ಮೀ. ಬ್ರಾಡ್ ಗೇಜ್. ಮೇಲ್ಸೇತುವೆ, ಸುರಂಗಗಳಲ್ಲಿ ಜಲ್ಲಿ ಇಲ್ಲ, ಕಾಂಕ್ರೀಟ್ ಮೇಲೆ ಹಳಿ ಕೂತಿರುತ್ತದೆ. ಪಕ್ಕದಲ್ಲೇ ಗಾಡಿಗೆ ಕರೆಂಟ್ ಕೊಡುವ 750 ವೋಲ್ಟ್ ಡಿಸಿ ಥರ್ಡ್ ರೈಲ್ ಇರುತ್ತದೆ. ಹಾಗಾಗಿ ಕೆಲಸ ನಡೆಯುವುದು ರಾತ್ರಿ ಗಾಡಿ ನಿಂತು, ಕರೆಂಟ್ ತೆಗೆದ ಮೇಲೆ. ನಿಮಗೆ ರಾತ್ರಿ ಬ್ಲಾಕಿನಲ್ಲಿ ಕೆಲಸ ಮಾಡಿ, ಸಾಮಾನು ಎಣಿಸಿ, ಹೊತ್ತಿಗೆ ಸರಿಯಾಗಿ ಲೈನ್ ಬಿಟ್ಟುಕೊಟ್ಟ ಅನುಭವವಿದ್ದರೆ ಅದು ಅವರಿಗೆ ನೇರವಾಗಿ ಬೇಕಾದದ್ದು. ಸಬರ್ಬನ್ ಯೋಜನೆ ಮಾತ್ರ ಬ್ರಾಡ್ ಗೇಜೇ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದ ಮಲ್ಲಿಗೆ ಲೈನ್, ಹೀಲಲಿಗೆಯಿಂದ ರಾಜಾನುಕುಂಟೆಯ ಕನಕ ಲೈನ್‌ನಂಥ ಕಡೆ ಈಗಿನ ರೈಲ್ವೆ ಹಳಿಯ ಪಕ್ಕದಲ್ಲೇ ಹೊಸ ಹಳಿ ಬರುತ್ತದೆ. ಓಡುವ ಗಾಡಿಗಳ ಪಕ್ಕದಲ್ಲಿ ಸುರಕ್ಷಿತವಾಗಿ ಕೆಲಸ ಮಾಡಿಸಿದ್ದರೆ ಅಲ್ಲಿ ಅದಕ್ಕೇ ಮೊದಲ ಜಾಗ ಕೊಡಿ.

ಹೊಸ ಲೈನ್ ಜನರಿಗೆ ತೆರೆಯುವ ಮುಂಚೆ ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆ ಆಗಲೇಬೇಕು. ಈ ಆಯುಕ್ತರು ರೈಲ್ವೆ ಇಲಾಖೆಯ ಕೆಳಗೆ ಬರುವುದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ. ಅಂಥ ತಪಾಸಣೆಗೆ ನೀವು ಅಳತೆ ದಾಖಲೆ ತಯಾರು ಮಾಡಿಕೊಟ್ಟಿದ್ದರೆ ತಪ್ಪದೆ ಸೇರಿಸಿ. ತರಬೇತಿ ಪ್ರಮಾಣಪತ್ರಗಳನ್ನು ಕೊನೆಯಲ್ಲಿ ಹಾಕಿ, ಅವಧಿ ಮುಗಿಯುವ ದಿನಾಂಕದ ಸಮೇತ.